ಅಂಗಳಕ್ಕೆ ಮನೇಲೇ ಎರಕ ಹೊಯ್ದ ಕಾಂಕ್ರೀಟ್ ಲೈಟು: ಮಾಡಿದವ್ರ ಅನುಭವ

ಅಂಕೋಲಾದಿಂದ ಪ್ರಶ್ನೆ:
ನಮ್ಮನೆ ಸಮುದ್ರಕ್ಕೆ ಹತ್ರ. ಪೇಟೆಯಿಂದ ತಂದ ತಗಡಿನ ಲೈಟೆಲ್ಲ ತುಕ್ಕು ಹಿಡ್ದು ಹೋದ್ವು. ಗೇಟಿಂದ ಅಂಗಳದ ತನಕ ಎರಡಡಿ ಎತ್ತರದ ಕಾಂಕ್ರೀಟ್ ಲೈಟ್ ನಾನೇ ಮಾಡಿ ನಿಲ್ಸಬೇಕು ಅಂತಿದ್ದೇನೆ. ಅಚ್ಚು, ಮಿಕ್ಸು, ವೈರಿಂಗು ಹೇಗೆ? ಮಾಡಿದವ್ರು ಹೇಳಿ.

ಕುಮಟಾದಿಂದ:
ಅಕ್ಕಾ, ಧೈರ್ಯವಾಗಿ ಮಾಡಿ. ಲೈಟನ್ನ ಮಾತ್ರ ಕಾಂಕ್ರೀಟಿನೊಳಗೆ ಹೂತು ಎರಕ ಹೊಯ್ಬೇಡಿ, ಅದೊಂದಿನ ಕೆಟ್ಟೇ ಕೆಡ್ತದೆ, ಆಗ ಕಂಬಾನೇ ಒಡೀಬೇಕಾಗ್ತದೆ. ನಾನು ಮಾಡಿದ್ದು ಹೀಗೆ. ಹೊರಗಿನ ಅಚ್ಚಿಗೆ 160 ಎಂಎಂ ಪಿವಿಸಿ ಪೈಪು, ಅದನ್ನ ಉದ್ದಕ್ಕೆ ಸೀಳಿ ಟೇಪ್ ಸುತ್ತಿಟ್ಕೊಂಡ್ರೆ ಆಮೇಲೆ ಬಿಚ್ಚೋದು ಸಲೀಸು. ಒಳಗೆ ನಡುಮಧ್ಯ 75 ಎಂಎಂ ಪೈಪು, ಇದು ಅಲ್ಲೇ ಉಳೀತದೆ, ವೈರು ಇದ್ರಲ್ಲೇ ಬರೋದು. ಸುತ್ತ ನಾಲ್ಕು ಸೆಂಟಿಮೀಟರ್ ದಪ್ಪದ ಗೋಡೆ ಸಿಗ್ತದೆ. ಬೆಳಕು ಹೊರಗೆ ಬೀಳೋ ಕಿಟಕಿ ಜಾಗಕ್ಕೆ ಎರಡೂ ಪೈಪಿನ ಮಧ್ಯೆ ಥರ್ಮೋಕೋಲ್ ತುಂಡು ಅಂಟಿಸಿ, ಗಟ್ಟಿಯಾದ ಮೇಲೆ ಅದನ್ನ ಕೆರೆದು ತೆಗ್ದು ಅಲ್ಲಿ ಕಾಣೋ ಒಳಪೈಪನ್ನ ಗರಗಸದಲ್ಲಿ ಕೊಯ್ದ್ರೆ ಆಯ್ತು. ಹೊರಗಿನ ಅಚ್ಚಿನ ಒಳಮೈಗೆ ಎಣ್ಣೆ ಸವರೋದು ಮರೀಬೇಡಿ.

ಮಿಕ್ಸು ಒಂದು ಪಾಲು ಸಿಮೆಂಟು, ಎರಡು ಪಾಲು ಹೊಯ್ಗೆ (ಮರಳು), ಎರಡು ಪಾಲು 6 ಎಂಎಂ ಜಲ್ಲಿ. ನೀರು ಸಿಮೆಂಟಿನ ತೂಕದ ಅರ್ಧ ದಾಟಬಾರ್ದು, ಹೊಯ್ಗೆ ಹಸಿ ಇದ್ರೆ ಇನ್ನೂ ಕಮ್ಮಿ. ಸಮುದ್ರದ ಹೊಯ್ಗೆ ಬೇಡ್ವೇ ಬೇಡ, ಮನೆ ಮುಂದೇನೇ ರಾಶಿ ಬಿದ್ದಿದ್ರೂ ಬೇಡ, ಉಪ್ಪು ಬಿಳಿಬಿಳಿಯಾಗಿ ಹೊರಗೆ ಬರ್ತದೆ, ಒಳಗೆ ಕಬ್ಬಿಣದ ತಂತಿ ಇದ್ರೆ ಅದೂ ತುಕ್ಕು ಹಿಡ್ದು ಉಬ್ಬಿ ಕಾಂಕ್ರೀಟ್ ಸೀಳ್ತದೆ. ತೊಳೆದ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಹೊಯ್ಗೆ) ತನ್ನಿ. ಸ್ವಲ್ಪ ಸ್ವಲ್ಪ ತುಂಬ್ತಾ ಅಚ್ಚಿನ ಹೊರಗಿಂದ ಬಡೀತಾ ಇರಿ, ಗಾಳಿಗುಳ್ಳೆ ಪುಳುಪುಳು ಅಂತ ಮೇಲೆ ಬರೋದು ಕಾಣ್ತದೆ, ಅದು ನಿಲ್ಲೋವರೆಗೂ ಬಡೀರಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಹಸಿ ಸಿಮೆಂಟು ಚರ್ಮ ಸುಡ್ತದೆ. ಎರಡು ದಿನ ಬಿಟ್ಟು ಅಚ್ಚು ಬಿಚ್ಚಿ, ಒದ್ದೆ ಗೋಣಿಚೀಲ ಸುತ್ತಿ ಕಡಿಮೆ ಅಂದ್ರೂ 7 ದಿನ ಒಣಗದಂಗೆ ನೋಡ್ಕೊಳ್ಳಿ. ಒಂದೊಂದು ಕಂಬ ಸುಮಾರು 20 ಕೆಜಿ ಆಗ್ತದೆ, ಎತ್ತೋಕೆ ಇನ್ನೊಬ್ರು ಇರ್ಲಿ.

ಕಂಬದ ಮೇಲಿನ ಟೊಪ್ಪಿ ಬೇರೆ ಎರಕ ಹೊಯ್ರಿ, ಕಂಬಕ್ಕಿಂತ ಒಂದಿಂಚು ಹೊರಗೆ ಚಾಚಿರ್ಲಿ. ಅದ್ರ ಅಡಿಯಲ್ಲಿ ಅಂಚಿಂದ ಸ್ವಲ್ಪ ಒಳಗೆ ಸುತ್ತ ಒಂದು ಗೀರು ಬರ್ಬೇಕು, ಅಚ್ಚಿನ ತಳಕ್ಕೆ ಹಳೇ ವೈರು ಅಂಟಿಸಿದ್ರೆ ತಾನಾಗೇ ಬರ್ತದೆ. ಮಳೆನೀರು ಅಡಿಗುಂಟ ಹರ್ದು ಲೈಟಿನ ಹತ್ರ ಹೋಗೋ ಬದ್ಲು ಆ ಗೀರಲ್ಲೇ ತೊಟ್ಟಿಕ್ತದೆ. ಬುಡದಲ್ಲಿ ಜಲ್ಲಿ ಹಾಸಿ ಅದ್ರ ಮೇಲೆ ನಿಲ್ಸಿ. ನಮ್ಮ ಮಳೆಗೆ ನೀರು ಒಳಗೆ ಬರದೇ ಇರೋದಿಲ್ಲ, ಬಂದದ್ದು ಇಳಿದು ಹೋಗೋಕೆ ದಾರಿ ಇರ್ಬೇಕು ಅಷ್ಟೇ.

ಶಿರಸಿಯಿಂದ:
ಮೇಲಿನವ್ರು ಹೇಳಿದ್ದೆಲ್ಲ ಸರಿ. ನಮ್ಮಲ್ಲಿ ಉಪ್ಪಿನ ಕಾಟ ಇಲ್ಲೆ, ಪಾಚಿದೇ ತೊಂದ್ರೆ, ಅಡಿಕೆ ತೋಟದ ನೆರಳಲ್ಲಿ ಒಂದೇ ಮಳೆಗಾಲಕ್ಕೆ ಹಸಿರಾಗ್ತು. ಎರಕ ಹೊಯ್ದು 28 ದಿನ ಆದ್ಮೇಲೆ ಪೂರ್ತಿ ಒಣಗಿಸಿ ಸಿಲೇನ್ ಸಿಲಾಕ್ಸೇನ್ ಅನ್ನೋ ನೀರು ತಡೆಯೋ ದ್ರವ ಬಳಿದ್ರೆ ನೀರು ಹೀರೋದು ಬಹಳ ಕಮ್ಮಿ ಆಗ್ತು. ಬಲ್ಬು ಹಳದಿ ಬೆಳಕಿಂದೇ ಹಾಕಿ, 2700 ಕೆಲ್ವಿನ್, ಬಿಳೀದಕ್ಕೆ ಮಳೆಹುಳ ಜಾಸ್ತಿ ಮುತ್ತತ್ತು.

ಕಾರವಾರದಿಂದ, ವೈರಿಂಗ್ ಕೆಲ್ಸ ಮಾಡೋನು:
ಅಂಗಳಕ್ಕೆ 230 ವೋಲ್ಟ್ ಒಯ್ಯೋದೇ ಬೇಡ ಅಕ್ಕ. ಡ್ರೈವರ್ (230 ವೋಲ್ಟನ್ನ 12ಕ್ಕೆ ಇಳಿಸೋ ಡಬ್ಬಿ) ಮನೆಯೊಳಗೆ ಇಟ್ಟು 12 ವೋಲ್ಟ್ ಹೊರಗೆ ತನ್ನಿ, ಒಂದೊಂದಕ್ಕೆ 3 ವ್ಯಾಟ್ ಎಲ್‌ಇಡಿ ಧಾರಾಳ ಸಾಕು. ದೂರ ಇದ್ರೆ ವೈರು ದಪ್ಪ ಇರ್ಲಿ, ಇಲ್ಲಾಂದ್ರೆ ಕೊನೇ ಲೈಟು ಮಂಕಾಗ್ತದೆ. ಲೈಟು ಐಪಿ 65 (ಧೂಳು, ನೀರು ಒಳಗೆ ಹೋಗದ ದರ್ಜೆ) ಅಥವಾ ಮೇಲಿಂದು, ಸ್ಕ್ರೂ ಉಪ್ಪುಗಾಳಿಗೂ ಬೇಗ ತುಕ್ಕು ಹಿಡಿಯದ 316 ಸ್ಟೇನ್‌ಲೆಸ್ ಸ್ಟೀಲಿಂದು. ಅಲ್ಯೂಮಿನಿಯಂ ಬಾಡಿ ಇದ್ರೆ ಹಸಿ ಕಾಂಕ್ರೀಟಿಗೆ ತಾಗಿಸ್ಬೇಡಿ, ತಿಂದು ಹಾಕ್ತದೆ. ಜಾಯಿಂಟ್ ನೆಲದೊಳಗೆ ಟೇಪ್ ಸುತ್ತಿ ಹೂಳೋದು ಬೇಡ, ಕಂಬದೊಳಗೆ ಕಿಟಕಿ ಎತ್ತರಕ್ಕೆ ಜೆಲ್ ಕನೆಕ್ಟರ್ (ನೀರು ತಾಗದಂಗೆ ಒಳಗೆ ಜೆಲ್ ತುಂಬಿದ ವೈರ್ ಜೋಡಕ) ಹಾಕಿ. ಮನೇಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಡಿಯೋ ಸ್ವಿಚ್ಚು) ಇಲ್ದಿದ್ರೆ ಮೊದ್ಲು ಅದನ್ನ ಹಾಕ್ಸಿ, ಆಮೇಲೆ ಲೈಟು. ಜೂನ್ ಬರೋದ್ರೊಳಗೆ ವೈರಿನ ಪೈಪು ಹೂತು ಮುಗಿಸ್ಕೊಳ್ಳಿ, ಮಳೆ ಹಿಡಿದ ಮೇಲೆ ಅಂಗಳ ಅಗೆಯೋಕೆ ಆಗೋದಿಲ್ಲ.