ಹಳೇ ಲ್ಯಾಪ್‌ಟಾಪ್ ಟಪ್ ಅಂತ ಆಫ್ ಆಗುತ್ತಿದೆ, ಅನುಭವ ಇದ್ದವರು ಹೇಳಿ

ಬೆಳಗಿನ ಚಹಾ:
2016ರಲ್ಲಿ ಕೊಂಡದ್ದು, ಐ5 ಪ್ರೊಸೆಸರ್, ಆರನೇ ಜನರೇಷನ್. ಹೋದ ವರ್ಷ ಎಸ್‌ಎಸ್‌ಡಿ ಹಾಕಿಸಿದ್ದೇನೆ. ಹದಿನೈದು ದಿನದಿಂದ ಕೆಲಸದ ನಡುವೆಯೇ ಆಫ್ ಆಗುತ್ತಿದೆ. ಎಚ್ಚರಿಕೆಯೂ ಇಲ್ಲ, ನೀಲಿ ಪರದೆಯೂ ಇಲ್ಲ. ಒಮ್ಮೆ ಬ್ಯಾಟರಿ 40 ಪರ್ಸೆಂಟ್ ತೋರಿಸುವಾಗ ಹೋಯಿತು. ಇನ್ನೊಮ್ಮೆ ಚಾರ್ಜರ್ ಹಾಕಿಕೊಂಡು ಮಗಳು ಆನ್‌ಲೈನ್ ಕ್ಲಾಸಿನಲ್ಲಿದ್ದಾಗ. ಮುಟ್ಟಿ ನೋಡಿದೆ, ಅಷ್ಟೇನೂ ಬಿಸಿ ಇರಲಿಲ್ಲ. ಅಂಗಡಿಯವರು ಬಿಚ್ಚದೆಯೇ ಮದರ್‌ಬೋರ್ಡ್ ಅಂದರು. ಬ್ಯಾಟರಿ ಕೈಯಲ್ಲೇ ತೆಗೆಯಬಹುದಾದ ಮಾಡೆಲ್. ಮೊದಲು ಏನು ನೋಡಲಿ?

ಹುಬ್ಬಳ್ಳಿ ಸ್ಕ್ರೂಡ್ರೈವರ್:
ಫ್ಯಾನ್ ಬಿಚ್ಚಿ ನೋಡಿರಿ. ಬೇರೆ ಏನೂ ಅಲ್ಲ. ಹೋದ ಏಪ್ರಿಲ್‌ನಲ್ಲಿ ನನ್ನದೂ ಹೀಗೇ ಆಗಿತ್ತು. ಆನ್ ಮಾಡಿ 20 ನಿಮಿಷಕ್ಕೆ ಕಣ್ಣು ಮುಚ್ಚುತ್ತಿತ್ತು. ಟೆಂಪರೇಚರ್ ತೋರಿಸುವ ಸಾಫ್ಟ್‌ವೇರ್ ಹಾಕಿದರೆ 98 ಡಿಗ್ರಿ! 100ರ ಹತ್ತಿರ ಹೋದರೆ ಪ್ರೊಸೆಸರ್ ಮೊದಲು ನಿಧಾನ ಆಗುತ್ತದೆ, ಆಗಲೂ ಬಿಸಿ ಇಳಿಯದಿದ್ದರೆ ಮೆಷಿನ್ ಆಫ್.

ಹಿಂದಿನ ಮುಚ್ಚಳಕ್ಕೆ 11 ಸ್ಕ್ರೂ. ಎರಡು ರಬ್ಬರ್ ಕಾಲಿನ ಕೆಳಗೆ ಅಡಗಿದ್ದವು. ಗೊತ್ತಾಗದೆ ಎಳೆದೆ, ಒಂದು ಕೊಂಡಿ ಮುರಿಯಿತು. ಇರಲಿ. ಒಳಗೆ ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಧೂಳು ಕಂಬಳಿ ನೇಯ್ದ ಹಾಗೆ ಕೂತಿತ್ತು, ಬೆಕ್ಕಿನ ಕೂದಲಿನ ಸಮೇತ. ಚಿಪ್ಪಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿತ್ತು.

ಖರ್ಚು ಬರೆದಿಟ್ಟಿದ್ದೇನೆ. ಸ್ಕ್ರೂಡ್ರೈವರ್ ಸೆಟ್ 340, ಪೇಸ್ಟ್ 280, ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ 160. ಒಟ್ಟು 780 ರೂಪಾಯಿ. ಅಂಗಡಿಯಲ್ಲಿ 2,500 ಕೇಳಿದ್ದರು. ಧೂಳಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ, ಅವರು ದುಡ್ಡೇ ತೆಗೆದುಕೊಳ್ಳಲಿಲ್ಲ. ಈಗ 71 ಡಿಗ್ರಿ. ಎರಡು ಸ್ಕ್ರೂ ಉಳಿದಿವೆ. ಏನೂ ತೊಂದರೆ ಆಗಿಲ್ಲ.

ತೀರ್ಥಹಳ್ಳಿ ಮಳೆ:
ಅವರು ಬಿಸಿ ಇಲ್ಲ ಅಂತ ಬರೆದಿದ್ದಾರೆ ಸರ್. ಓದಿಯಾದರೂ ಉತ್ತರ ಕೊಡಿ.

ಇದು ಬ್ಯಾಟರಿ. ನನ್ನದು 38 ಪರ್ಸೆಂಟ್ ಇರುವಾಗಲೇ ಸಾಯುತ್ತಿತ್ತು. ಸೆಲ್ ಹಳತಾದರೆ ಪರ್ಸೆಂಟ್ ಲೆಕ್ಕವನ್ನು ನಂಬುವ ಹಾಗಿಲ್ಲ. ಸುಮ್ನೆ ಟೈಪ್ ಮಾಡುವಾಗ ಸರಿ ಇರುತ್ತದೆ. ವಿಡಿಯೊ ಹಾಕಿದ ಕೂಡಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಆಫ್. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದಲ್ಲ, ಅದರಲ್ಲಿ ನೋಡಿದೆ. ಹೊಸದರಲ್ಲಿ 41,000 ಮಿಲಿವಾಟ್ ಅವರ್. ಈಗ ತುಂಬಿದರೂ 13,800. ಮೂರರಲ್ಲಿ ಒಂದು ಪಾಲು!

ಆದರೆ ನನ್ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ 1,650ಕ್ಕೆ ಡೂಪ್ಲಿಕೇಟ್ ಬ್ಯಾಟರಿ ತಂದೆ. ನಾಲ್ಕೇ ತಿಂಗಳು. ಒಂದು ದಿನ ಟಚ್‌ಪ್ಯಾಡ್ ಒತ್ತಿದರೆ ಒತ್ತಲಿಕ್ಕೇ ಆಗುತ್ತಿಲ್ಲ. ಕೆಳಗಿನಿಂದ ಬ್ಯಾಟರಿ ಪೂರಿ ಹಾಗೆ ಉಬ್ಬಿಕೊಂಡಿದೆ. ಮತ್ತೆ ಬಸ್ಸು. ಆರು ತಿಂಗಳ ವಾರಂಟಿ ಅಂತ ಬಿಲ್ಲಿನಲ್ಲೇ ಬರೆದಿತ್ತು. "ಉಬ್ಬಿದ್ದಕ್ಕೆ ವಾರಂಟಿ ಇಲ್ಲ ಮೇಡಂ, ನಿಮ್ಮ ಊರಿನ ಕರೆಂಟ್ ಸರಿ ಇಲ್ಲ" ಅಂದರು. ಕೊನೆಗೆ 3,900 ಕೊಟ್ಟು ಒರಿಜಿನಲ್ ತರಿಸಿದೆ. ಬಸ್ ಚಾರ್ಜು, ಹೋಟೆಲಿನ ಊಟ ಬಿಟ್ಟು 5,550. ಮೊದಲೇ ಒಳ್ಳೆಯದನ್ನು ಹಾಕಿಸಿದ್ದರೆ ಆ 1,650 ಉಳಿಯುತ್ತಿತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಎಸ್‌ಪಿ ರೋಡ್ ಸಂತ್ರಸ್ತ:
ಇಬ್ಬರೂ ಅದೃಷ್ಟವಂತರು. ನಾನು 11,300 ಕಳೆದುಕೊಂಡು ಕೂತಿದ್ದೇನೆ.

ಮೊದಲನೇ ಅಂಗಡಿ: "ರ‍್ಯಾಮ್ ಹೋಗಿದೆ", 2,100. ಮೂರು ದಿನ ಓಡಿತು. ಎರಡನೇ ಅಂಗಡಿ: "ಬೋರ್ಡಿನಲ್ಲಿ ಐಸಿ ಸುಟ್ಟಿದೆ", 6,500. ಎಂಟು ದಿನ ಇಟ್ಟುಕೊಂಡರು. ಮನೆಗೆ ತಂದ ರಾತ್ರಿಯೇ ಆಫ್. ಮೂರನೆಯವರು ವಿಂಡೋಸ್ ಮತ್ತೆ ಹಾಕಿ 800 ತೆಗೆದುಕೊಂಡರು, ನನ್ನ ಫೋಟೊಗಳೂ ಹೋದವು. ಕೊನೆಗೆ ಆಫೀಸಿನ ಐಟಿ ಹುಡುಗ ಚಾರ್ಜರ್ ತಿರುಗಿಸಿ ಸಣ್ಣ ಅಕ್ಷರ ಓದಿದ. 19.5 ವೋಲ್ಟ್, 3.34 ಆಂಪ್. ಗುಣಿಸಿದರೆ 65 ವಾಟ್. ನನ್ನದು ಗ್ರಾಫಿಕ್ಸ್ ಕಾರ್ಡ್ ಇರುವ ಮೆಷಿನ್, ಅದಕ್ಕೆ 90 ವಾಟ್ ಬೇಕು, ಅಂದರೆ 4.62 ಆಂಪ್. ಹಳೆಯದನ್ನು ಇಲಿ ಕಡಿದಾಗ ಪಿನ್ ಕೂತಿತು ಅಂತ ಸಿಕ್ಕಿದ್ದನ್ನು ತಂದಿದ್ದೆ. ಬ್ಯಾಟರಿ ಮೊದಲೇ ಸತ್ತಿತ್ತು. ಭಾರ ಬಿದ್ದಾಗ ಚಾರ್ಜರ್ ಕೈಬಿಟ್ಟರೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹೊಸ ಚಾರ್ಜರ್ 1,900. ಅಷ್ಟೇ ಇತ್ತು ಕಾಯಿಲೆ!

ಮದರ್‌ಬೋರ್ಡ್ ಅಂತ ಯಾರಾದರೂ ಅಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿ ಬನ್ನಿ.

ಪೆಂಗ್ವಿನ್ ಭಕ್ತ:
ವಿಂಡೋಸ್ ತೆಗೆಯಿರಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರನೇ ಜನರೇಷನ್‌ಗೆ 11 ಅಧಿಕೃತವಾಗಿ ಬರುವುದಿಲ್ಲ. ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ಮೂರು ವರ್ಷ ಆಯಿತು. ಫ್ಯಾನಿನ ಸದ್ದೇ ಇಲ್ಲ.

ತೀರ್ಥಹಳ್ಳಿ ಮಳೆ:
ಆಫ್ ಆಗುವುದಕ್ಕೂ ಲಿನಕ್ಸಿಗೂ ಏನು ಸಂಬಂಧ ಸರ್? ತಲೆನೋವಿಗೆ ಚಪ್ಪಲಿ ಬದಲಿಸಿದ ಹಾಗಾಯಿತು.

ಪೆಂಗ್ವಿನ್ ಭಕ್ತ:
ಸಂಬಂಧ ಇದೆ ಮೇಡಂ. ಪೆನ್‌ಡ್ರೈವ್‌ನಿಂದ ಮಿಂಟ್ ಓಡಿಸಿ. ಅಲ್ಲೂ ಆಫ್ ಆದರೆ ವಿಂಡೋಸ್ ತಪ್ಪಲ್ಲ ಅಂತ ಗೊತ್ತಾಗುತ್ತದೆ. ಖರ್ಚು ಸೊನ್ನೆ.

ಎಸ್‌ಪಿ ರೋಡ್ ಸಂತ್ರಸ್ತ:
ಅದಕ್ಕೆ ಪೆನ್‌ಡ್ರೈವ್ ಯಾಕೆ? ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯೋಸ್ ಸೆಟ್ಟಿಂಗ್ ಪರದೆಯಲ್ಲಿ ಅರ್ಧ ಗಂಟೆ ಸುಮ್ನೆ ಬಿಟ್ಟರೆ ಸಾಕು. ಇನ್ನೊಂದು ಮಾತು. ಆ ಹುಬ್ಬಳ್ಳಿಯವರ ಗಾಳಿ ಹೊಡೆಸುವ ಉಪಾಯ ಯಾರೂ ಮಾಡಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಹನಿ, ಎಣ್ಣೆ ಎಲ್ಲ ಇರುತ್ತದೆ. ಫ್ಯಾನನ್ನು ಬೆರಳಲ್ಲಿ ಹಿಡಿಯದೆ ಹೊಡೆದರೆ ಬೇರಿಂಗ್ ಕೂಡ ಹೋಗುತ್ತದೆ.

ಹುಬ್ಬಳ್ಳಿ ಸ್ಕ್ರೂಡ್ರೈವರ್:
11,300 ಕಳೆದವರು 780ರಲ್ಲಿ ಮುಗಿಸಿದವನಿಗೆ ಪಾಠ ಹೇಳುವುದು ಚೆನ್ನಾಗಿದೆ. ಅಲ್ರೀ, ಚಾರ್ಜರ್ ಹಿಂದೆ ಬರೆದಿದ್ದನ್ನು ಓದಲು ಐಟಿ ಹುಡುಗ ಬೇಕಾಯಿತೇ?

ಎಸ್‌ಪಿ ರೋಡ್ ಸಂತ್ರಸ್ತ:
ಎರಡು ಸ್ಕ್ರೂ ಉಳಿಸಿಕೊಂಡವರ ಹತ್ತಿರ ವಾದ ಇಲ್ಲ. ಅಂದ ಹಾಗೆ ಪೇಸ್ಟ್ ಎಷ್ಟು ಹಾಕಿದಿರಿ?

ಹುಬ್ಬಳ್ಳಿ ಸ್ಕ್ರೂಡ್ರೈವರ್:
ದೋಸೆ ಹಿಟ್ಟಿನ ಹಾಗೆ ಹಳೇ ಎಟಿಎಂ ಕಾರ್ಡಿನಲ್ಲಿ ಸವರಿದೆ.

ಪೆಂಗ್ವಿನ್ ಭಕ್ತ:
ಅಯ್ಯೋ! ನಡುವೆ ಒಂದು ಕಾಳು ಇಟ್ಟರೆ ಸಾಕು. ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಒತ್ತಿದಾಗ ಅದೇ ಹರಡುತ್ತದೆ.

ಹುಬ್ಬಳ್ಳಿ ಸ್ಕ್ರೂಡ್ರೈವರ್:
ಲ್ಯಾಪ್‌ಟಾಪಿನ ಚಿಪ್ಪಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ಮೂಲೆ ಒಣಗಿ ಉಳಿದರೆ ಅಲ್ಲಿ ಬಿಸಿ ನಿಲ್ಲುತ್ತದೆ. ತೆಳ್ಳಗೆ ಸವರುವುದೇ ಸರಿ. ನೀವು ಡೆಸ್ಕ್‌ಟಾಪ್ ವಿಡಿಯೊ ನೋಡಿ ಬಂದಿದ್ದೀರಿ.

ಹೊಸದೇ ಇರಲಿ:
ಒಂಬತ್ತು ವರ್ಷ ದಾಟಿದ ಮೆಷಿನ್‌ಗೆ ಇಷ್ಟು ಪಂಚಾಯಿತಿಯೇ? 18,500ಕ್ಕೆ ಎಂಟನೇ ಜನರೇಷನ್ ರಿಫರ್ಬಿಶ್ಡ್ (ಹಳೆಯದನ್ನು ಸರಿಮಾಡಿ ಮಾರುವುದು) ತೆಗೆದುಕೊಂಡೆ. ನೆಮ್ಮದಿ.

ತೀರ್ಥಹಳ್ಳಿ ಮಳೆ:
ಆ ರಿಫರ್ಬಿಶ್ಡ್ ಒಳಗಿನ ಬ್ಯಾಟರಿ ಎಷ್ಟು ವರ್ಷದ್ದು? ರಿಪೋರ್ಟ್ ತೆಗೆದು ಇಲ್ಲಿ ಹಾಕಿ ನೋಡೋಣ.

ಹೊಸದೇ ಇರಲಿ:
ಚಾರ್ಜರ್ ಹಾಕಿಯೇ ಬಳಸುವುದು. ಬ್ಯಾಟರಿ ನೋಡಿಲ್ಲ.

ತೀರ್ಥಹಳ್ಳಿ ಮಳೆ:
ಗೊತ್ತಿತ್ತು.

ಬೆಳಗಿನ ಚಹಾ:
ಎಲ್ಲರಿಗೂ ಧನ್ಯವಾದ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಆರು ಸಲ ಬಂದಿದೆ. ಹಾಗೆಂದರೆ ಏನು?

ಎಸ್‌ಪಿ ರೋಡ್ ಸಂತ್ರಸ್ತ:
ಸರಿಯಾಗಿ ಶಟ್‌ಡೌನ್ ಆಗದೆ ಹೋಯಿತು ಅಂತ, ಅಷ್ಟೇ. ಅದು ನಿಮಗೂ ಗೊತ್ತು. ನನ್ನ ಎರಡನೇ ಅಂಗಡಿಯವರು ಆ 41 ತೋರಿಸಿಯೇ 6,500 ಕಿತ್ತದ್ದು.

ಬೆಳಗಿನ ಚಹಾ:
ಬ್ಯಾಟರಿ ತೆಗೆದಿಟ್ಟು ಬರೀ ಚಾರ್ಜರ್ ಮೇಲೆ ಓಡಿಸಿದೆ. ನನ್ನದು 65 ವಾಟೇ ಬೇಕಾದದ್ದು, ಲೇಬಲ್ ಓದಿದೆ. ವಿಡಿಯೊ ಹಾಕಿಟ್ಟು ಎರಡು ಗಂಟೆ ಕೂತೆ. ಒಮ್ಮೆಯೂ ಆಫ್ ಆಗಲಿಲ್ಲ. ಆಮೇಲೆ ಮನೆಯ ಕರೆಂಟೇ ಹೋಯಿತು.

ತೀರ್ಥಹಳ್ಳಿ ಮಳೆ:
ಬ್ಯಾಟರಿ! ಮೊದಲೇ ಹೇಳಲಿಲ್ಲವೇ? 1,650ರದ್ದು ಮಾತ್ರ ತರಬೇಡಿ.

ಹುಬ್ಬಳ್ಳಿ ಸ್ಕ್ರೂಡ್ರೈವರ್:
ಎರಡು ಗಂಟೆ ಯಾವ ಲೆಕ್ಕ? ಏಪ್ರಿಲ್ ಬರಲಿ. ಫ್ಯಾನ್ ಬಿಚ್ಚುವಾಗ ರಬ್ಬರ್ ಕಾಲಿನ ಕೆಳಗೆ ನೋಡಿಕೊಳ್ಳಿ.