ಅಪ್‌ಡೇಟ್: ಗೀಸರ್ ಆಫ್ ಇದ್ದರೂ ಯೂನಿಟ್ ಓಡುತ್ತಿದ್ದುದಕ್ಕೆ ಕಾರಣ

ಬಳಕೆ ಹೆಚ್ಚಿಲ್ಲದಿದ್ದರೂ ಬಿಲ್ ದುಪ್ಪಟ್ಟಾಗಿದೆ, ಮೀಟರ್ ಕೆಟ್ಟಿದೆಯೇ ಎಂದು ಕೇಳಿದ್ದೆ. ಮೀಟರ್ ಸರಿಯಾಗಿದೆ, ತಪ್ಪು ಗೀಸರ್ ಲೈನಿನಲ್ಲಿ.

ಮನೆಯ ಸ್ವಿಚ್‌ಗಳನ್ನೆಲ್ಲ ಆರಿಸಿ, ಪ್ಲಗ್‌ಗಳನ್ನು ಕಿತ್ತ ಮೇಲೂ ಮೀಟರಿನ ಕೆಂಪು ದೀಪ ನಿಮಿಷಕ್ಕೆ 16 ಸಲ ಮಿನುಗುತ್ತಿತ್ತು. ಮೀಟರ್ ಮೇಲೆ 3200 ಇಂಪಲ್ಸ್‌ಗೆ 1 ಯೂನಿಟ್ ಎಂದಿದೆ. ಅಂದರೆ 300 ವ್ಯಾಟ್, ದಿನಕ್ಕೆ 7.2 ಯೂನಿಟ್! ಎಂಸಿಬಿಗಳನ್ನು (ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್) ಒಂದೊಂದಾಗಿ ಇಳಿಸಿದಾಗ, ಗೀಸರಿನದು ಇಳಿದ ಕೂಡಲೇ ಮಿನುಗು ನಿಂತಿತು.

ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದಾಗ ಕಾಯಿಲ್‌ನ ಹೊರಕವಚ ಬಿರುಕು ಬಿಟ್ಟಿತ್ತು. ಗಡಸು ನೀರಿನ ಬಿಳಿ ಪೊರೆ ದಪ್ಪಗೆ ಕಟ್ಟಿದರೆ ಶಾಖ ಹೊರಹೋಗದೆ ಹೀಗಾಗುತ್ತದೆ. ಜೊತೆಗೆ ಸ್ವಿಚ್ ಫೇಸಿನ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಕಡಿಯುತ್ತಿತ್ತು. ಹಾಗಾಗಿ ಆಫ್ ಮಾಡಿದರೂ ಕರೆಂಟ್ ಕಾಯಿಲ್‌ನಿಂದ ನೀರಿಗೆ, ಅಲ್ಲಿಂದ ಅರ್ತಿಗೆ ಹರಿಯುತ್ತಿತ್ತು. ಈಗಿನ ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡರಲ್ಲಿ ಹೆಚ್ಚಿನದನ್ನೇ ಲೆಕ್ಕ ಹಿಡಿಯುತ್ತವೆ, ಹಾಗಾಗಿ ನ್ಯೂಟ್ರಲ್‌ಗೆ ಮರಳದೆ ಸೋರಿದ ಕರೆಂಟೂ ಬಿಲ್‌ಗೆ ಸೇರಿತು.

ಕಾಯಿಲ್ ಬದಲಾಯಿಸಿ, ಸ್ವಿಚ್ ವೈರಿಂಗ್ ಸರಿಪಡಿಸಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸಾಧನ) ಹಾಕಿಸಿದ್ದಾಯಿತು. ದುಡ್ಡಿಗಿಂತ ಜೀವ ದೊಡ್ಡದು: ಅರ್ತಿಂಗ್ ಕೆಟ್ಟಿದ್ದರೆ ಇದೇ ಕರೆಂಟ್ ಸ್ನಾನದ ನಲ್ಲಿಗೆ ಬರುತ್ತಿತ್ತು. ಗೃಹಜ್ಯೋತಿ (ಉಚಿತ ವಿದ್ಯುತ್ ಯೋಜನೆ) ಪಡೆಯುವವರೂ ಗಮನಿಸಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಇಂಥ ಸೋರಿಕೆಯೊಂದೇ 216 ಯೂನಿಟ್ ತಿನ್ನುತ್ತದೆ.