ಲೇಸರ್‌ನಲ್ಲಿ ಕತ್ತರಿಸಿದ ಚೂರು ಕ್ಯಾಪ್‌ಗೆ ಬೀಳ್ತಿಲ್ಲ, ಬಿದ್ದದ್ದರಲ್ಲಿ ಆರ್‌ಎನ್‌ಎ ಇಲ್ಲ. ಮಳೆಗಾಲದ ಕಾಟವಾ?

ಗದಗದವ_ಬೇಲಾಪುರ

ಎಲ್ಲರಿಗೂ ನಮಸ್ಕಾರ. ನವಿ ಮುಂಬೈನಲ್ಲಿ ಪಿಎಚ್‌ಡಿ ಮೂರನೇ ವರ್ಷ. ಬಾಯಿ ಕ್ಯಾನ್ಸರ್ ಮೇಲೆ ಕೆಲಸ, ಅದರಲ್ಲೂ ಗುಟ್ಕಾ ಒತ್ತಿಟ್ಟುಕೊಳ್ಳುವ ಕೆನ್ನೆಯ ಒಳಭಾಗದ ಗಡ್ಡೆಗಳು. ಗಡ್ಡೆಯ ಚೂರಿನಲ್ಲಿ ಕ್ಯಾನ್ಸರ್ ಕೋಶ ಮಾತ್ರ ಇರಲ್ಲ. ಸ್ನಾಯು, ರಕ್ತನಾಳ, ಬಿಳಿ ರಕ್ತಕಣ ಎಲ್ಲ ಕಲಸಿಕೊಂಡಿರುತ್ತೆ. ಇಡೀ ಚೂರನ್ನು ಅರೆದರೆ ಯಾವ ಆರ್‌ಎನ್‌ಎ ಯಾರದ್ದು ಅಂತ ಗೊತ್ತಾಗಲ್ಲ. ಅದಕ್ಕೇ ಲೇಸರ್ ಮೈಕ್ರೋಡಿಸೆಕ್ಷನ್, ಅಂದರೆ ಮೈಕ್ರೋಸ್ಕೋಪ್‌ನಲ್ಲಿ ನೋಡ್ತಾ ಬೇಕಾದ ಕೋಶಗಳ ಸುತ್ತ ಮಾತ್ರ ಲೇಸರ್‌ನಿಂದ ಕತ್ತರಿಸಿ ಕೆಳಗಿರುವ ಟ್ಯೂಬ್‌ನ ಕ್ಯಾಪ್‌ಗೆ ಬೀಳಿಸೋದು.

ಮಷೀನ್ ನಮ್ಮದಲ್ಲ. ಮುಂಬೈನ ಬೇರೆ ಕಡೆ ಇದೆ, ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಸ್ಲಾಟ್ ಸಿಗುತ್ತೆ. ನಮ್ಮ ಲ್ಯಾಬ್‌ನಲ್ಲಿ ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿಸಿದ ಟಿಶ್ಯೂವನ್ನು ತೆಳುವಾಗಿ ಕೊಯ್ಯುವ ಯಂತ್ರ) 10 ಮೈಕ್ರಾನ್ ಸೆಕ್ಷನ್ ತೆಗೆದು, ತೆಳು ಪೊರೆ ಇರುವ ಮೆಂಬ್ರೇನ್ ಸ್ಲೈಡ್‌ಗೆ ಹಚ್ಚಿ, ಮೈನಸ್ 80ರಲ್ಲಿ ಇಡುತ್ತೇನೆ. ಅವತ್ತು ಡ್ರೈ ಐಸ್ ಹಾಕಿದ ಥರ್ಮಾಕೋಲ್ ಡಬ್ಬಿ ತೊಡೆ ಮೇಲಿಟ್ಟುಕೊಂಡು ಹಾರ್ಬರ್ ಲೈನ್ ಲೋಕಲ್. ಹೋದ ವಾರ ಡಬ್ಬಿ ಸಂದಿಯಿಂದ ಹೊಗೆ ಬರೋದು ನೋಡಿ ಪಕ್ಕದ ಆಂಟಿ ಮೀನು ಅಂದುಕೊಂಡು "ಬಂಗಡೆಯಾ, ಸುರ್ಮೈಯಾ?" ಅಂತ ಕೇಳಿದರು.

ಅಲ್ಲಿ ಹೋಗಿ ಸ್ಲೈಡ್‌ಗಳನ್ನು ಟೇಬಲ್ ಮೇಲೆ ಐದು ನಿಮಿಷ ಇಟ್ಟೆ, ರೂಮಿನ ಬಿಸಿಗೆ ಬರಲಿ ಅಂತ. ಬೆವರಿದವು, ಹಿಂಬದಿ ಒರೆಸಿದೆ. ಆಮೇಲೆ ಆಲ್ಕೋಹಾಲ್, ಕ್ರೆಸಿಲ್ ವಯಲೆಟ್ ಬಣ್ಣ, ಮತ್ತೆ ಆಲ್ಕೋಹಾಲ್, ಆಮೇಲೆ ಮಷೀನ್. ಲೇಸರ್ ಸುತ್ತು ಹೊಡೆದು ಗೆರೆ ಕೂಡಿಸುತ್ತೆ, ಆದರೆ ಚೂರು ಕೆಳಗಿನ ಕ್ಯಾಪ್‌ಗೆ ಬೀಳಲ್ಲ. ಹಳೇ ಅಂಗಿಯ ಗುಂಡಿ ಒಂದೇ ದಾರದಲ್ಲಿ ನೇತಾಡುತ್ತಲ್ಲ, ಹಾಗೆ. ಪವರ್ ಜಾಸ್ತಿ ಮಾಡಿದರೆ ಅಂಚು ಕಂದು ಬಣ್ಣಕ್ಕೆ ಸುಡುತ್ತೆ. ಹತ್ತರಲ್ಲಿ ಎರಡು ಬಿದ್ದರೆ ಪುಣ್ಯ.

ಒಂದು ಟ್ಯೂಬ್‌ಗೆ ಕಷ್ಟಪಟ್ಟು 2 ಲಕ್ಷ ಚದರ ಮೈಕ್ರಾನ್ ಕೂಡಿಸಿದೆ. 30 ಮೈಕ್ರೋಲೀಟರ್‌ನಲ್ಲಿ ಆರ್‌ಎನ್‌ಎ ಇಳಿಸಿಕೊಂಡೆ. ಎಷ್ಟಿದೆ ಅಂತ ಅಳೆಯೋ ನ್ಯಾನೋಡ್ರಾಪ್ ಮೈಕ್ರೋಲೀಟರ್‌ಗೆ 1.8 ನ್ಯಾನೋಗ್ರಾಂ ಅಂತು. ರಿನ್ (ಆರ್‌ಎನ್‌ಎ ಎಷ್ಟು ಗಟ್ಟಿಯಾಗಿ ಉಳಿದಿದೆ ಅಂತ ಹೇಳುವ ಅಂಕ, 10ಕ್ಕೆ 10 ಅಂದರೆ ಪೂರ್ತಿ ಚೆನ್ನಾಗಿದೆ) 2.1 ಬಂತು. ಗೈಡ್ ಹೇಳ್ತಾರೆ ಲೇಸರ್ ಶಾಖಕ್ಕೆ ಆರ್‌ಎನ್‌ಎ ಹೋಯ್ತು ಅಂತ. ಮಷೀನ್ ನಡೆಸುವವರು ಹೇಳ್ತಾರೆ ನಿಮ್ಮ ಟಿಶ್ಯೂನೇ ಸರಿ ಇಲ್ಲ ಅಂತ. ಯಾರ ಮಾತು ನಂಬಲಿ?

ಮಾಟುಂಗದ_ಮಾವ

ತಮ್ಮಾ, ನಾನು ಕುಂದಾಪುರದವ. ಪರೇಲ್ ಕಡೆ ಹಿಸ್ಟಾಲಜಿಯಲ್ಲಿ ಮೂವತ್ತು ವರ್ಷ ಟಿಶ್ಯೂ ಕೊಯ್ಯುವ ಮೈಕ್ರೋಟೋಮ್ ತಿರುಗಿಸಿ ರಿಟೈರ್ ಆದವ. ನೀನು ಬರೆದಿದ್ದರಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಒಂದೇ ಮಾತು: "ಬೆವರಿದವು".

ಅಲ್ಲ ಮಾರಾಯ, ಜುಲೈ ತಿಂಗಳಲ್ಲಿ ಮೈನಸ್ 80ರ ಸ್ಲೈಡ್ ಟೇಬಲ್ ಮೇಲೆ ಇಟ್ಟರೆ ಅದು ಬೆವರದೆ ಇನ್ನೇನು ಮಾಡುತ್ತದೆ? ಆ ಸೆಕ್ಷನ್ ಇನ್ನೂ ಫಿಕ್ಸ್ ಆಗಿಲ್ಲ, ಅಂದರೆ ಕೆಡದ ಹಾಗೆ ಆಲ್ಕೋಹಾಲ್‌ನಲ್ಲಿ ಕಟ್ಟಿಹಾಕಿಲ್ಲ. ಆರ್‌ಎನ್‌ಎ ತಿನ್ನುವ ಕಿಣ್ವ ಅದರೊಳಗೇ ಮಲಗಿರುತ್ತದೆ. ನೀರು ಮತ್ತು ಬಿಸಿ ಎರಡೂ ಕೊಟ್ಟು ನೀನೇ ಎಬ್ಬಿಸಿದೆ. ಹಿಂಬದಿ ಒರೆಸಿ ಏನು ಪ್ರಯೋಜನ, ನೀರು ಕೂತದ್ದು ಮುಂಬದಿಯಲ್ಲಿ.

ಡ್ರೈ ಐಸ್‌ನಿಂದ ತೆಗೆದವನೇ ನೇರ ತಣ್ಣನೆಯ 70 ಪರ್ಸೆಂಟ್ ಆಲ್ಕೋಹಾಲ್‌ಗೆ ಅದ್ದು. ನಡುವೆ ಉಸಿರಾಡುವಷ್ಟೂ ಬಿಡುವು ಬೇಡ. ಒಂದು ಸಲಕ್ಕೆ ಒಂದೇ ಸ್ಲೈಡ್ ತೆಗಿ, ಉಳಿದದ್ದು ಡಬ್ಬಿಯಲ್ಲೇ ಇರಲಿ.

ಇನ್ನೊಂದು, ಕೊನೆಯ ನೂರು ಪರ್ಸೆಂಟ್ ಆಲ್ಕೋಹಾಲ್ ಯಾವಾಗ ತೆರೆದ ಬಾಟಲಿ? ಮಳೆಗಾಲದಲ್ಲಿ ಅದು ಗಾಳಿಯ ನೀರು ಕುಡಿಯುತ್ತಾ ಇರುತ್ತದೆ. ಹೆಸರಿಗೆ ನೂರು. ಸ್ಲೈಡ್ ಒಣಗಿದ ಹಾಗೆ ಕಾಣುತ್ತದೆ, ಆದರೆ ಆಷಾಢದಲ್ಲಿ ಮಾಡಿದ ಹಪ್ಪಳದ ಹಾಗೆ ಒಳಗೆ ಹಸಿ. ಹಸಿ ಇದ್ದರೆ ಲೇಸರ್‌ಗೆ ಕತ್ತರಿಸಲು ಬರುವುದಿಲ್ಲ, ನೀನು ಪವರ್ ಏರಿಸುತ್ತೀ, ಅಂಚು ಸುಡುತ್ತದೆ. ಆ ಬಾಟಲಿಗೆ ನೀರು ಹೀರುವ ಮಾಲಿಕ್ಯುಲರ್ ಸೀವ್ ಗುಳಿಗೆ ಹಾಕಿಡು. ಪುಡಿ ತಳಕ್ಕೆ ಕೂತ ಮೇಲೆ ಮೇಲಿನದ್ದು ಮಾತ್ರ ಬಳಸು.

ಪುಣೆ_ಗಿಡದಕ್ಕ

ಮಾವ ಹೇಳಿದ್ದು ಸರಿ. ಗೈಡ್ ಮಾತಿಗೆ ಮಾತ್ರ ನಾನು ಉತ್ತರ ಕೊಡ್ತೀನಿ. ನಿಮ್ಮದು ಚೂರು ಕೆಳಗೆ ಬೀಳುವ ಮಷೀನ್ ಅಂದರೆ ಅತಿನೇರಳೆ ಲೇಸರ್, 350 ನ್ಯಾನೋಮೀಟರ್ ಆಸುಪಾಸು. ಆರ್‌ಎನ್‌ಎ ಬೆಳಕು ಹೀರೋದು 260ರ ಹತ್ತಿರ. ಗೆರೆ ಹೋದ ಕಡೆ ಕೆಲವು ಮೈಕ್ರಾನ್ ಸುಟ್ಟುಹೋಗುತ್ತೆ ನಿಜ, ಒಳಗಿನ ಕೋಶಕ್ಕೆ ಏನೂ ಆಗಲ್ಲ. 1996ರಲ್ಲಿ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರು ತೋರಿಸಿದ ಮೊದಲ ವಿಧಾನವೇ ಬೇರೆ. ಅದರಲ್ಲಿ ಲೇಸರ್ ಕತ್ತರಿಸೋದೇ ಇಲ್ಲ. ಮೇಲಿಟ್ಟ ಪ್ಲಾಸ್ಟಿಕ್ ಪೊರೆಯನ್ನು ಕರಗಿಸಿ ಕೋಶಕ್ಕೆ ಅಂಟಿಸುತ್ತೆ, ಪೊರೆ ಎತ್ತಿದರೆ ಕೋಶವೂ ಬರುತ್ತೆ. ಶಾಖದ ಭಯ ಬಹುಶಃ ಅಲ್ಲಿಂದ ಬಂದಿರಬೇಕು.

ಈಗ ನಿಮ್ಮ ಲೆಕ್ಕ. ಕ್ಯಾನ್ಸರ್ ಕೋಶ ಒಂದಕ್ಕೆ 200 ಚದರ ಮೈಕ್ರಾನ್ ಅಂತ ಇಟ್ಟುಕೊಳ್ಳಿ. 2 ಲಕ್ಷಕ್ಕೆ ಸಾವಿರ ಕೋಶ. ಕೋಶಕ್ಕೆ 10 ಪಿಕೋಗ್ರಾಂ ಆರ್‌ಎನ್‌ಎ ಅಂದರೂ ಒಟ್ಟು 10 ನ್ಯಾನೋಗ್ರಾಂ, ಅದೂ ಒಂದು ಚೂರೂ ನಷ್ಟ ಆಗದಿದ್ದರೆ. ಅದನ್ನು 30 ಮೈಕ್ರೋಲೀಟರ್‌ನಲ್ಲಿ ಇಳಿಸಿದರೆ ಮೈಕ್ರೋಲೀಟರ್‌ಗೆ 0.3 ನ್ಯಾನೋಗ್ರಾಂ. ನ್ಯಾನೋಡ್ರಾಪ್‌ಗೆ ಅಷ್ಟು ಕಡಿಮೆ ಓದೋಕೇ ಬರಲ್ಲ. ನಿಮ್ಮ 1.8 ಸುಮ್ನೆ ಗದ್ದಲ. 10 ಮೈಕ್ರೋಲೀಟರ್‌ನಲ್ಲಿ ಇಳಿಸಿ, ತೀರಾ ಕಡಿಮೆ ಆರ್‌ಎನ್‌ಎ ಅಳೆಯುವ ಪಿಕೋ ಚಿಪ್‌ನಲ್ಲಿ ನೋಡಿ, ಟ್ಯೂಬ್‌ಗೆ 10 ಲಕ್ಷ ಚದರ ಮೈಕ್ರಾನ್ ಆದರೂ ಕೂಡಿಸಿ.

ನಾನು ಮಾಡೋದು ಗಿಡದ ಬೇರು. ನಮ್ಮ ಗೋಳೇ ಬೇರೆ. ಗಿಡದ ಕೋಶದ ತುಂಬ ನೀರು, ಫ್ರೀಜ್ ಮಾಡಿದರೆ ಮಂಜಿನ ಹರಳು ಎಲ್ಲ ಹರಿದುಹಾಕುತ್ತೆ. ಅದಕ್ಕೆ ಆಲ್ಕೋಹಾಲ್ ಮೂರು ಪಾಲು, ಅಸಿಟಿಕ್ ಆಸಿಡ್ ಒಂದು ಪಾಲಿನಲ್ಲಿ ಫಿಕ್ಸ್ ಮಾಡಿ ಮೇಣದಲ್ಲಿ ಕೂರಿಸ್ತೀವಿ.

ಗದಗದವ_ಬೇಲಾಪುರ

ಅಕ್ಕಾ, ಮಾವ, ನಾಚಿಕೆ ಆಗ್ತಿದೆ. ಆಲ್ಕೋಹಾಲ್ ಬಾಟಲಿ ಮೇ ತಿಂಗಳದ್ದು.

ಒಂದು ಸಣ್ಣ ಪ್ರಶ್ನೆ. ಮೇಲೆ ಮುಚ್ಚುವ ತೆಳು ಗಾಜು (ಕವರ್‌ಸ್ಲಿಪ್) ಇಲ್ಲದೆ ನೋಡಿದರೆ ಎಲ್ಲ ಮರಳು ಚೆಲ್ಲಿದ ಹಾಗೆ ಕಪ್ಪುಕಪ್ಪು. ಗಡ್ಡೆಯೊಳಗಿನ ಕೆರಟಿನ್ ಮುತ್ತುಗಳು (ಕೆರಟಿನ್ ಪ್ರೋಟೀನ್‌ನ ಉಂಡೆಗಳು) ಮಾತ್ರ ಈರುಳ್ಳಿ ಹೋಳಿನ ಥರ ಸುತ್ತುಸುತ್ತು ಕಾಣುತ್ತೆ, ಅದರ ಆಚೆ ಯಾವುದು ಗಡ್ಡೆ, ಯಾವುದು ಉರಿಯೂತ ಅಂತ ಗೊತ್ತಾಗಲ್ಲ.

ಮಾಟುಂಗದ_ಮಾವ

ಪಕ್ಕದ ಸೆಕ್ಷನ್ ಒಂದನ್ನು ಮಾಮೂಲಿ ಸ್ಲೈಡ್‌ನಲ್ಲಿ ಎಚ್‌ಇ ಬಣ್ಣ (ಹಿಮಟಾಕ್ಸಿಲಿನ್, ಇಯೋಸಿನ್) ಹಾಕಿ, ಕವರ್‌ಸ್ಲಿಪ್ ಹಾಕಿ, ಪೆಥಾಲಜಿಸ್ಟ್ ಕೈಯಲ್ಲಿ ಪೆನ್ನಿನಲ್ಲಿ ಗುರುತು ಹಾಕಿಸು. ಅದನ್ನು ನಕ್ಷೆಯ ಹಾಗೆ ಪಕ್ಕದಲ್ಲಿಟ್ಟುಕೋ. ಅದೂ ಸಾಲದಿದ್ದರೆ ಸೆಕ್ಷನ್ ಮೇಲೆ ಒಂದು ಹನಿ ಶುದ್ಧ ಆಲ್ಕೋಹಾಲ್ ಬಿಡು. ಆರುವ ತನಕ ಚೆನ್ನಾಗಿ ಕಾಣುತ್ತದೆ, ಅಷ್ಟರಲ್ಲಿ ಫೋಟೋ ಹೊಡಿ. ಪೂರ್ತಿ ಆರಿದ ಮೇಲೆಯೇ ಲೇಸರ್.

ಮತ್ತೆ ಮಂಗಳವಾರ ಹೋಗುವ ಮುಂಚೆ ಇದು ಮಾಡು. ಒಂದೇ ಗಡ್ಡೆಯ ಮೂರು ಸೆಕ್ಷನ್. ಒಂದನ್ನು ಕ್ರಯೋಸ್ಟಾಟ್‌ನಿಂದಲೇ ನೇರ ಆರ್‌ಎನ್‌ಎ ಇಳಿಸುವ ಬಫರ್‌ಗೆ ಹಾಕು. ಇನ್ನೊಂದನ್ನು ಬಣ್ಣ ಹಾಕಿ ಕೆರೆದು ಬಫರ್‌ಗೆ ಹಾಕು. ಮೂರನೆಯದು ಬಣ್ಣ ಹಾಕಿ, ಮುಕ್ಕಾಲು ಗಂಟೆ ಹೊರಗಿಟ್ಟು, ಆಮೇಲೆ ಕೆರಿ. ಮೂರರ ರಿನ್ ನೋಡಿದರೆ ಎಲ್ಲಿ ಸೋರುತ್ತಿದೆ ಗೊತ್ತಾಗುತ್ತದೆ. ಲೇಸರ್ ಹತ್ತಿರ ಹೋಗುವುದೇ ಬೇಡ.

ಗದಗದವ_ಬೇಲಾಪುರ

ಎರಡು ವಾರ ಆಯ್ತು, ಏನಾಯ್ತು ಅಂತ ಬರೀತೀನಿ. ರಿನ್ ಹೀಗೆ: ನೇರ ಬಫರ್‌ಗೆ ಹಾಕಿದ್ದು 7.9. ಹೊಸ ಆಲ್ಕೋಹಾಲ್‌ನಲ್ಲಿ ಬಣ್ಣ ಹಾಕಿದ್ದು 7.4. ಮುಕ್ಕಾಲು ಗಂಟೆ ಬಿಟ್ಟಿದ್ದು 6.6. ಹಠಕ್ಕೆ ನಾಲ್ಕನೆಯದೊಂದನ್ನು ಹಳೇ ಥರ ಬೆವರಿಸಿ ನೋಡಿದೆ, 2.4. ನಾಲ್ಕೂ ಲೇಸರ್ ಕಂಡೇ ಇಲ್ಲ. ಪ್ರಿಂಟ್ ತೆಗೆದು ಗೈಡ್ ಟೇಬಲ್ ಮೇಲಿಟ್ಟೆ, ಏನೂ ಅನ್ನಲಿಲ್ಲ, ಎಸಿ ರೂಮಿಗೆ ಡಿಹ್ಯೂಮಿಡಿಫೈಯರ್‌ಗೆ ಕೊಟೇಶನ್ ತರಿಸು ಅಂದರು.

ಮಂಗಳವಾರ ಪವರ್ ಹಳೇದಕ್ಕಿಂತ ಕಡಿಮೆ ಇಟ್ಟಿದ್ದೆ. ಗೆರೆ ಕೂಡಿದ ತಕ್ಷಣ ಚೂರು ಮಾಯ. ಕ್ಯಾಪ್ ಕಡೆ ಕ್ಯಾಮೆರಾ ತಿರುಗಿಸಿದರೆ ನೇರಳೆ ಬಣ್ಣದ ಚೂರುಗಳು ಒಂದರ ಮೇಲೊಂದು ಬಿದ್ದಿವೆ. ಹನ್ನೆರಡರಲ್ಲಿ ಹನ್ನೊಂದು. ಹನ್ನೆರಡನೆಯದು ಸ್ಲೈಡ್‌ನ ಅಂಚಿಗೆ ಹಾರಿ ಅಂಟಿಕೊಂಡಿದೆ, ಅದು ಇನ್ನೂ ಅಲ್ಲೇ ಇದೆ.